ಮುಂದಿನ ಕಿಟ್ ಯಾವುದು? ಅಚ್ಚನ್ನು ಕೇಳಿ

ಎಲ್ಲರಿಗೂ ನಮಸ್ಕಾರ.

ಪ್ಲಾಸ್ಟಿಕ್ ಕಾರು ಮಾದರಿ ಕಟ್ಟುವವರು ನಾಲ್ಕು ಜನ ಸೇರಿದರೆ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತದೆ. ಮುಂದೆ ಯಾವ ಕಿಟ್ ಬರುತ್ತದೆ? ಹೊಸದಾಗಿ ಏನು ಮಾಡಬಹುದು? ಹಳೆಯದರಲ್ಲಿ ಯಾವುದು ಮತ್ತೆ ಬರಬಹುದು? ಯಾರೋ ಒಬ್ಬರು ಯಾವುದೋ ಅಂಗಡಿಯ ಪಟ್ಟಿಯಲ್ಲಿ ಒಂದು ಹೆಸರು ನೋಡಿರುತ್ತಾರೆ. ಇನ್ನೊಬ್ಬರು "ಅದು ಬರೋಕೆ ಸಾಧ್ಯವೇ ಇಲ್ಲ" ಅನ್ನುತ್ತಾರೆ. ಆಮೇಲೆ ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ.

ಈ ಊಹೆಯ ಮಾತು ನನಗೆ ತುಂಬಾ ಇಷ್ಟ. ಅದನ್ನು ಕಾಲಹರಣ ಅಂತ ನಾನು ಯಾವತ್ತೂ ಅಂದುಕೊಂಡಿಲ್ಲ. ಒಂದು ಕಾರನ್ನು ಮನಸಾರೆ ಮೆಚ್ಚಿದವರಿಗೆ ಅದು ಅಂಗೈಯಗಲದಲ್ಲಿ ತಮ್ಮ ಮೇಜಿನ ಮೇಲೆ ನಿಲ್ಲಲಿ ಅನ್ನುವ ಆಸೆ ಸಹಜ. ಆ ಆಸೆಯಿಂದಲೇ ಊಹೆ ಹುಟ್ಟುತ್ತದೆ. ಆದರೆ ನಮ್ಮ ಬಹುಪಾಲು ಊಹೆಗಳು ಕಾರಿನಿಂದ ಶುರುವಾಗುತ್ತವೆ. "ಇಷ್ಟು ಹೆಸರುವಾಸಿ ಕಾರು, ಇದರ ಕಿಟ್ ಯಾಕಿಲ್ಲ?" ಅಂತ ಕೇಳುತ್ತೇವೆ. ನನ್ನ ಪ್ರಕಾರ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ. ಅಚ್ಚು ಇದೆಯಾ? ಇದ್ದರೆ ಯಾರ ಕೈಲಿದೆ? ಯಾವ ಸ್ಥಿತಿಯಲ್ಲಿದೆ? ಇಲ್ಲದಿದ್ದರೆ, ಹೊಸ ಅಚ್ಚು ಮಾಡಿದವರು ಅದರಿಂದ ಒಂದೇ ಕಿಟ್ ತೆಗೆಯುತ್ತಾರಾ, ನಾಲ್ಕು ತೆಗೆಯುತ್ತಾರಾ? ಇವತ್ತು ನಾನು ಮಾತಾಡುವುದು ಪೂರ್ತಿ ಇದರ ಬಗ್ಗೆಯೇ.

ಅಚ್ಚಿನ ಬಗ್ಗೆ ಸ್ವಲ್ಪ ನಿಧಾನವಾಗಿ ನೋಡೋಣ. ನಮ್ಮ ಕಿಟ್‌ಗಳ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಅದನ್ನು ಸುಮಾರು 200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕರಗಿಸಿ, ಭಾರೀ ಒತ್ತಡದಲ್ಲಿ ಉಕ್ಕಿನ ಅಚ್ಚಿನೊಳಗೆ ತಳ್ಳುತ್ತಾರೆ. ಅದು ತಣಿದ ಮೇಲೆ ಅಚ್ಚು ತೆರೆಯುತ್ತದೆ, ಬಿಡಿಭಾಗಗಳು ಕಡ್ಡಿಗೆ ಅಂಟಿಕೊಂಡ ಹಾಗೆಯೇ ಹೊರಗೆ ಬರುತ್ತವೆ. ಸೀಟು, ಚಕ್ರ, ಎಂಜಿನ್ ಭಾಗಗಳಿಗೆ ಎರಡು ತುಂಡಿನ ಅಚ್ಚು ಸಾಕು. ಕಾರಿನ ಬಾಡಿಗೆ ಸಾಲದು. ಬಾಡಿ ಅಂದರೆ ಮೇಲೆ ಛಾವಣಿ, ಎರಡು ಬದಿ, ಮುಂದೆ, ಹಿಂದೆ, ಜೊತೆಗೆ ಒಳಮೈ. ಎಲ್ಲ ಕಡೆಯೂ ವಿವರ ಬೇಕು. ಅದಕ್ಕಾಗಿ ಬಾಡಿಯ ಅಚ್ಚಿನಲ್ಲಿ ಜಾರುವ ತುಂಡುಗಳು ಇರುತ್ತವೆ. ಅವು ನಾಲ್ಕೂ ಕಡೆಯಿಂದ ಬಂದು ಕೂಡಿಕೊಂಡು, ಪ್ಲಾಸ್ಟಿಕ್ ಗಟ್ಟಿಯಾದ ಮೇಲೆ ಹಿಂದೆ ಸರಿಯುತ್ತವೆ. ಆ ತುಂಡುಗಳು ಕೂಡುವ ಜಾಗದಲ್ಲೇ ಬಾಡಿಯ ಮೇಲೆ ಸಣ್ಣ ಗೆರೆ ಬೀಳುತ್ತದೆ. ನಾವು ಬಣ್ಣ ಹಚ್ಚುವ ಮೊದಲು ಮರಳು ಕಾಗದದಿಂದ ಉಜ್ಜಿ ತೆಗೆಯುತ್ತೇವಲ್ಲ, ಅದೇ ಗೆರೆ. ಅಚ್ಚು ಸವೆದಷ್ಟೂ ಆ ಗೆರೆ ದಪ್ಪವಾಗುತ್ತದೆ, ಭಾಗಗಳ ಅಂಚಿನಲ್ಲಿ ತೆಳುವಾದ ಪದರ ಉಕ್ಕುತ್ತದೆ. ಒಂದು ಮರುಬಿಡುಗಡೆ ಕಿಟ್ ಕೈಗೆ ಬಂದಾಗ ನಾನು ಮೊದಲು ನೋಡುವುದು ಈ ಗೆರೆಯನ್ನೇ. ಆ ಅಚ್ಚಿಗೆ ಇನ್ನೆಷ್ಟು ಆಯಸ್ಸಿದೆ ಅನ್ನುವುದು ಅಲ್ಲಿ ಕಾಣುತ್ತದೆ.

ಹಿಂದೆ ಅಚ್ಚು ಮಾಡುವುದು ಪೂರ್ತಿ ಕೈಕೆಲಸ. ಕಿಟ್‌ಗಿಂತ ಎರಡು ಮೂರು ಪಟ್ಟು ದೊಡ್ಡದಾದ ಮಾದರಿಯನ್ನು ಮರದಲ್ಲಿ ಕೆತ್ತುತ್ತಿದ್ದರು. ಅದರ ಮೇಲೆ ಒಂದು ಕಡ್ಡಿ ಹರಿದಾಡಿದ ಹಾಗೆ, ಪ್ಯಾಂಟೋಗ್ರಾಫ್ ಯಂತ್ರ ಅದೇ ಆಕಾರವನ್ನು ಚಿಕ್ಕದಾಗಿಸಿ ಲೋಹದಲ್ಲಿ ಕೊರೆಯುತ್ತಿತ್ತು. ಈಗ ಕಂಪ್ಯೂಟರ್‌ನಲ್ಲಿ ಚಿತ್ರ ಬರೆದು, ಯಂತ್ರದಿಂದ ಕೊರೆದು, ಸೂಕ್ಷ್ಮ ಭಾಗಗಳನ್ನು ವಿದ್ಯುತ್ ಕಿಡಿಯಿಂದ ಸವೆಸುತ್ತಾರೆ. ವಿಧಾನ ಬದಲಾದರೂ ಖರ್ಚು ದೊಡ್ಡದೇ. ಅಚ್ಚಿನ ಮುಂದೆ ಒಂದು ಪೆಟ್ಟಿಗೆಗೆ ಹಾಕುವ ಪ್ಲಾಸ್ಟಿಕ್‌ನ ಬೆಲೆ ಏನೂ ಅಲ್ಲ. ಹಾಗಾಗಿಯೇ ಕಂಪನಿಗಳು ಹಳೆಯ ಅಚ್ಚನ್ನು ಬಿಸಾಡಲು ಹಿಂದೆ ಮುಂದೆ ನೋಡುತ್ತವೆ. ಸರಿಯಾಗಿ ಎಣ್ಣೆ ಹಚ್ಚಿ ಇಟ್ಟರೆ ಉಕ್ಕು 50, 60 ವರ್ಷ ಸುಮ್ಮನೆ ಕಾಯುತ್ತದೆ. ಎಣ್ಣೆ ಹಚ್ಚದೆ ಬಿಟ್ಟರೆ ತುಕ್ಕು ತಿನ್ನುತ್ತದೆ.

ಈಗ ಕತೆಯ ಹಳೆಯ ಭಾಗಕ್ಕೆ ಬರೋಣ. ನಮ್ಮ ಹವ್ಯಾಸದ ಅರ್ಧ ಒಗಟುಗಳು ಅಲ್ಲೇ ಹುಟ್ಟಿದವು.

ಅಮೆರಿಕದ ಮಿಶಿಗನ್ ರಾಜ್ಯದಲ್ಲಿ 1940ರ ದಶಕದ ಕೊನೆಯಲ್ಲಿ ಎಎಂಟಿ ಮತ್ತು ಜೊ-ಹಾನ್ ಎಂಬ ಮಾದರಿ ಕಾರಿನ ಕಂಪನಿಗಳು ಶುರುವಾದವು. ಅವುಗಳ ಮೊದಲ ದೊಡ್ಡ ಗಿರಾಕಿಗಳು ನಮ್ಮಂಥವರಲ್ಲ, ಕಾರು ಮಾರುವ ಡೀಲರ್‌ಗಳು. ಹೊಸ ವರ್ಷದ ಕಾರು ಅಂಗಡಿಗೆ ಬಂದಾಗ ಅದರದೇ ಪುಟ್ಟ ಮಾದರಿಯನ್ನು ಮೇಜಿನ ಮೇಲಿಡಲು, ಕೊಂಡವರ ಮಕ್ಕಳ ಕೈಗೆ ಕೊಡಲು ಅವರಿಗೆ ಬೇಕಿತ್ತು. ಕಾರು ಕಂಪನಿಗಳೇ ಮುಂಚಿತವಾಗಿ ನಕ್ಷೆಗಳನ್ನು ಕೊಡುತ್ತಿದ್ದವು. 1958ರಲ್ಲಿ ಎಎಂಟಿ ಇದೇ ಬಾಡಿಗಳನ್ನು ಬಿಡಿಭಾಗಗಳ ಕಿಟ್ ಆಗಿ ಮಾರಲು ಶುರು ಮಾಡಿತು. ಒಂದೇ ಪೆಟ್ಟಿಗೆಯಲ್ಲಿ ಮೂರು ರೀತಿ ಕಟ್ಟಬಹುದಿತ್ತು: ಕಾರ್ಖಾನೆಯಿಂದ ಬಂದ ಹಾಗೆ, ಕಸ್ಟಮ್ ಆಗಿ (ಅಂದರೆ ತಮ್ಮ ಇಷ್ಟದ ಹಾಗೆ ಬದಲಿಸಿ), ಇಲ್ಲವೇ ರೇಸ್ ಕಾರಾಗಿ. ಹುಡುಗರು ಮುಗಿಬಿದ್ದು ಕೊಂಡರು. 1963ರಲ್ಲಿ ಶುರುವಾದ ಎಂಪಿಸಿ ಕೂಡ ಇದೇ ದಾರಿ ಹಿಡಿಯಿತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಆ ಕಾಲದ ಅಮೆರಿಕದ ಕಾರುಗಳು ಪ್ರತಿ ವರ್ಷ ಸ್ವಲ್ಪ ಮುಖ ಬದಲಿಸುತ್ತಿದ್ದವು. ಗ್ರಿಲ್ ಬೇರೆ, ಹಿಂದಿನ ದೀಪ ಬೇರೆ, ಬದಿಯ ಪಟ್ಟಿ ಬೇರೆ. ಕಿಟ್ ಕಂಪನಿ ಪ್ರತಿ ವರ್ಷ ಪೂರ್ತಿ ಹೊಸ ಅಚ್ಚು ಮಾಡುತ್ತಿರಲಿಲ್ಲ. ಹೋದ ವರ್ಷದ ಅಚ್ಚಿನಲ್ಲೇ ಕೆಲವು ಕಡೆ ಉಕ್ಕು ಕೊರೆದು, ಕೆಲವು ಕಡೆ ಬೆಸುಗೆ ತುಂಬಿ, ಹೊಸ ವರ್ಷದ ಕಾರನ್ನು ಮಾಡುತ್ತಿತ್ತು. ಹಾಗೆ ಮಾಡಿದ ದಿನವೇ ಹಳೆಯ ವರ್ಷದ ಕಿಟ್ ಮುಗಿದುಹೋಯಿತು. ಅದನ್ನು ಮತ್ತೆ ತೆಗೆಯಲು ದಾರಿಯೇ ಇಲ್ಲ. ಒಬ್ಬರು ಬಂದು "63ರ ಕಾರಿನ ಕಿಟ್ ಯಾಕೆ ಮತ್ತೆ ಬರುವುದಿಲ್ಲ, 64ರದ್ದು ಬಂದಿದೆಯಲ್ಲ?" ಅಂತ ಕೇಳಿದರೆ ಉತ್ತರ ಬಹಳ ಸಲ ಇದೇ: 63ರ ಅಚ್ಚೇ 64 ಆಯಿತು.

1970ರ ದಶಕದಲ್ಲಿ ಇನ್ನೂ ದೊಡ್ಡ ನಷ್ಟವಾಯಿತು. ಹಳೆಯ ಕಾರುಗಳ ಬಾಡಿಗೆ ಆಗ ಬೇಡಿಕೆ ಇರಲಿಲ್ಲ. ಮಣ್ಣಿನ ಟ್ರ್ಯಾಕ್‌ನ ರೇಸ್ ಕಾರುಗಳಿಗೆ, ಡ್ರ್ಯಾಗ್ ರೇಸಿನ ಕಾರುಗಳಿಗೆ ಬೇಡಿಕೆ ಇತ್ತು. ಎಎಂಟಿ ತನ್ನ 60ರ ದಶಕದ ಕೆಲವು ಬಾಡಿಗಳ ಅಚ್ಚನ್ನು ಸ್ಟಾಕ್ ಕಾರ್ ರೇಸಿಗೆ ತಕ್ಕ ಹಾಗೆ ಬದಲಾಯಿಸಿತು. ಚಕ್ರದ ಮೇಲಿನ ಕಮಾನು ಅಗಲ ಮಾಡಿದರು, ಅಲಂಕಾರದ ಪಟ್ಟಿಗಳನ್ನು ಅಳಿಸಿದರು. ಶೆವ್ರೊಲೆ ಶೆವೆಲ್‌ನಂಥ ಚಂದದ ಕಾರುಗಳಿಗೂ ಇದೇ ಗತಿಯಾಯಿತು. ಅವತ್ತು ಆ ನಿರ್ಧಾರ ಮಾಡಿದವರನ್ನು ನಾನು ದೂರುವುದಿಲ್ಲ. ಹತ್ತು ವರ್ಷ ಹಳೆಯ ಕಾರಿನ ಕಿಟ್ ಮುಂದೊಂದು ದಿನ ಇಷ್ಟು ಜನರಿಗೆ ಬೇಕಾಗುತ್ತದೆ ಅಂತ ಆಗ ಯಾರಿಗೆ ಗೊತ್ತಿತ್ತು? 1973ರ ತೈಲ ಬಿಕ್ಕಟ್ಟಿನಿಂದ ಪ್ಲಾಸ್ಟಿಕ್ ಬೆಲೆ ಏರಿತ್ತು, ವರ್ಷವರ್ಷದ ಕಿಟ್‌ಗಳ ಕಾಲ ಮುಗಿಯುತ್ತ ಬಂದಿತ್ತು. ಕೈಲಿದ್ದ ಉಕ್ಕಿನಿಂದ ಎಷ್ಟಾಗುತ್ತೋ ಅಷ್ಟು ದುಡಿಸಿದರು.

ಹಾಗಾಗಿ ಹಳೆಯ ಕಿಟ್ ಮರಳಿ ಬರುತ್ತದಾ ಅಂತ ಊಹಿಸುವವರು ಆ ಅಚ್ಚಿನ ಕೊನೆಯ ರೂಪ ಯಾವುದು ಅಂತ ಹುಡುಕಬೇಕು. ಮೊದಲ ಪೆಟ್ಟಿಗೆಯ ಚಿತ್ರ ನೋಡಿ ಆಸೆಪಟ್ಟರೆ ಆಗುವುದಿಲ್ಲ. ಕೊನೆಯ ಸಲ ಅದರಿಂದ ಹೊರಬಂದ ಬಾಡಿ ಹೇಗಿತ್ತು, ಅದೇ ಇವತ್ತಿನ ನಿಜ.

ಎರಡನೇ ವಿಷಯ, ಅಚ್ಚಿನ ಒಡೆತನ. ಇದು ಸುತ್ತಿ ಸುತ್ತಿ ಹೋಗುವ ಕತೆ, ಬೇಗ ಹೇಳಿಬಿಡುತ್ತೇನೆ. ಎಎಂಟಿಯನ್ನು 1978ರಲ್ಲಿ ಮ್ಯಾಚ್‌ಬಾಕ್ಸ್ ಮಾಡುತ್ತಿದ್ದ ಲೆಸ್ನಿ ಕೊಂಡಿತು, 80ರ ದಶಕದ ಶುರುವಿನಲ್ಲಿ ಅದು ಅರ್ಟ್ಲ್ ಎಂಬ ಆಟಿಕೆ ಕಂಪನಿಯ ಕೈಗೆ ಬಂತು. ಎಂಪಿಸಿ ಜನರಲ್ ಮಿಲ್ಸ್ ಒಡೆತನಕ್ಕೆ ಹೋಗಿ, 80ರ ದಶಕದಲ್ಲಿ ಅದೂ ಅರ್ಟ್ಲ್ ಸೇರಿತು. ಈಗ ಎರಡೂ ಇಂಡಿಯಾನಾ ರಾಜ್ಯದ ರೌಂಡ್ 2 ಕಂಪನಿಯ ಬಳಿ ಇವೆ. ಲಿಂಡ್‌ಬರ್ಗ್ ಎಂಬ ಇನ್ನೊಂದು ಹಳೆಯ ಕಿಟ್ ಹೆಸರು ಕೂಡ ಅಲ್ಲೇ. ರೆವೆಲ್ ಮತ್ತು ಮೊನೊಗ್ರಾಮ್ ಎಂಬ ಇನ್ನೆರಡು ಕಿಟ್ ಕಂಪನಿಗಳು 1986ರಲ್ಲಿ ಒಂದಾದವು. 2007ರಲ್ಲಿ ಹಾಬಿಕೊ ಅದನ್ನು ಕೊಂಡಿತು. 2018ರ ಜನವರಿಯಲ್ಲಿ ಹಾಬಿಕೊ ದಿವಾಳಿ ಅರ್ಜಿ ಹಾಕಿದಾಗ ನಮ್ಮಲ್ಲಿ ಎಷ್ಟು ಜನ ಹೌಹಾರಿದ್ದರು ಅಂತ ನಿಮಗೆ ನೆನಪಿರಬಹುದು. ರೆವೆಲ್ ಜರ್ಮನಿಯ ಹೂಡಿಕೆದಾರರ ಕೈಗೆ ಹೋಯಿತು. ಆದರೆ ಅಚ್ಚುಗಳೆಲ್ಲ ಒಟ್ಟಿಗೆ ಹೋಗಲಿಲ್ಲ. ಹಳೆಯ ರೆವೆಲ್, ಮೊನೊಗ್ರಾಮ್, ಅರೋರಾ ಅಚ್ಚುಗಳ ಒಂದು ದೊಡ್ಡ ಪಾಲನ್ನು ನ್ಯೂಯಾರ್ಕ್ ರಾಜ್ಯದ ಅಟ್ಲಾಂಟಿಸ್ ಎಂಬ ಚಿಕ್ಕ ಕಂಪನಿ ಕೊಂಡುಕೊಂಡಿತು.

ಆ ಒಂದು ಖರೀದಿ ನಮ್ಮ ಊಹೆಯ ಲೆಕ್ಕವನ್ನೇ ಬದಲಿಸಿತು. ದೊಡ್ಡ ಕಂಪನಿಗೆ ಕೆಲವು ಸಾವಿರ ಪೆಟ್ಟಿಗೆ ಮಾತ್ರ ಮಾರಾಟವಾಗುವ ಹಳೆಯ ಕಿಟ್ ಬೇಕಿಲ್ಲ. ಅದು ಉಗ್ರಾಣದಲ್ಲೇ ಮಲಗಿರುತ್ತದೆ. ಚಿಕ್ಕ ಕಂಪನಿಗೆ ಅದೇ ಹೊಟ್ಟೆಪಾಡು. "ರೆವೆಲ್ ಇದನ್ನು ಯಾವತ್ತೂ ಮತ್ತೆ ತರುವುದಿಲ್ಲ" ಅಂತ ನಾವು ಬರೆದುಕೊಟ್ಟಿದ್ದ ಎಷ್ಟೋ ಕಿಟ್‌ಗಳು ಅಟ್ಲಾಂಟಿಸ್ ಹೆಸರಲ್ಲಿ ಬಂದವು. ಹಾಗಾಗಿ ಒಂದು ಕಿಟ್ ಬರುವುದಿಲ್ಲ ಅಂತ ಹೇಳುವಾಗ, ಯಾರ ಹತ್ತಿರ ಇದ್ದರೆ ಬರುವುದಿಲ್ಲ ಅನ್ನುವುದನ್ನೂ ಸೇರಿಸಿ ಹೇಳಬೇಕು.

ಜೊ-ಹಾನ್ ಕತೆ ನೋಡಿದರೆ ನನಗೆ ಸಂಕಟವಾಗುತ್ತದೆ. ಕ್ಯಾಡಿಲಾಕ್, ಓಲ್ಡ್ಸ್‌ಮೊಬೀಲ್, ಪ್ಲಿಮತ್, ರ‍್ಯಾಂಬ್ಲರ್, ಹೀಗೆ ಬೇರೆಯವರು ಅಷ್ಟಾಗಿ ಮುಟ್ಟದ ಕಾರುಗಳನ್ನು ಆ ಕಂಪನಿ ಮಾಡಿತು. ಬಾಡಿಯ ಅಳತೆ, ಗೆರೆಗಳ ನಯ, ಅದರ ಮಟ್ಟಕ್ಕೆ ಆ ಕಾಲದಲ್ಲಿ ಬೇರೆ ಯಾರೂ ಬರಲಿಲ್ಲ ಅಂತಲೇ ನನ್ನ ಅಭಿಪ್ರಾಯ. ಆದರೆ ಕಂಪನಿ ಸೊರಗಿತು, ಕೈ ಬದಲಾಯಿತು, ಅಚ್ಚುಗಳು ಚದುರಿದವು. ಎಎಂಟಿಯ ಹಾಗೆ ಒಬ್ಬ ಒಡೆಯನ ಕೆಳಗೆ ಎಲ್ಲವೂ ಉಳಿಯಲಿಲ್ಲ. ಪ್ರತಿ ಸಲ ಯಾರಾದರೂ "ಜೊ-ಹಾನ್ ಕಿಟ್ ಮತ್ತೆ ಬರುತ್ತಂತೆ" ಅಂದಾಗ ನನ್ನ ಮನಸ್ಸು ಹಾರುತ್ತದೆ, ಬುದ್ಧಿ ಮಾತ್ರ ಹಿಡಿದು ಕೂರಿಸುತ್ತದೆ.

ಹಾಗಾದರೆ ಅಚ್ಚು ಹಾಳಾಗಿದ್ದರೆ ಕತೆ ಮುಗಿಯಿತಾ? ಇತ್ತೀಚಿನವರೆಗೆ ಹೌದು ಅನ್ನುತ್ತಿದ್ದೆವು. ಈಗ ಹಾಗಿಲ್ಲ. ನಮ್ಮ ಕಾಲದ ದೊಡ್ಡ ಬದಲಾವಣೆ ಇದೇ ಅಂತ ನನಗನ್ನಿಸುತ್ತದೆ.

ಜೋಡಿಸದೆ ಉಳಿದ ಒಂದು ಹಳೆಯ ಕಿಟ್ ಸಿಕ್ಕರೆ, ಅದರ ಪ್ರತಿ ಭಾಗವನ್ನೂ ಸ್ಕ್ಯಾನ್ ಮಾಡಿ, ಕಂಪ್ಯೂಟರ್‌ನಲ್ಲಿ ಸರಿಪಡಿಸಿ, ಹೊಸ ಉಕ್ಕಿನಲ್ಲಿ ಅದೇ ಕಿಟ್ ಮತ್ತೆ ಮಾಡಬಹುದು. ಇದರ ಬೀಜ 90ರ ದಶಕದಲ್ಲೇ ಬಿತ್ತು. ಟಾಮ್ ಲೋ ಆಗ ಪೋಲಾರ್ ಲೈಟ್ಸ್ ಹೆಸರಿನಲ್ಲಿ ಅರೋರಾ ಕಂಪನಿಯ ಹಳೆಯ ಕಿಟ್‌ಗಳನ್ನು, ಮೂಲ ಅಚ್ಚು ಇಲ್ಲದೆ, ಹೊಸದಾಗಿ ಅಚ್ಚು ಮಾಡಿ ತಂದರು. ಮುಂದೆ ರೌಂಡ್ 2 ಕಟ್ಟಿದವರೂ ಅವರೇ. ಆ ಕಂಪನಿ ಈಚಿನ ವರ್ಷಗಳಲ್ಲಿ ಎಎಂಟಿ ಹೆಸರಿನಲ್ಲಿ 1963ರ ಶೆವ್ರೊಲೆ ನೋವಾ ಸ್ಟೇಷನ್ ವ್ಯಾಗನ್, 1964ರ ಓಲ್ಡ್ಸ್‌ಮೊಬೀಲ್ ಕಟ್ಲಸ್ ಕನ್ವರ್ಟಿಬಲ್‌ನಂಥ ಕಿಟ್‌ಗಳನ್ನು ಹೀಗೆ ಮರುಹುಟ್ಟಿಸಿತು. ಹಳೆಯ ಪೆಟ್ಟಿಗೆಯ ಚಿತ್ರವನ್ನೇ ಹೊದಿಸಿ ತಂದಿತು. ಕಪಾಟಿನಲ್ಲಿ ನೋಡಿದರೆ 60ರ ದಶಕದ ಕಿಟ್, ಪೆಟ್ಟಿಗೆ ತೆರೆದರೆ ಹೊಸ ಅಚ್ಚಿನ ಚೂಪು.

ಇದನ್ನು ಹೊಸ ಕಿಟ್ ಅನ್ನಬೇಕಾ, ಮರುಬಿಡುಗಡೆ ಅನ್ನಬೇಕಾ ಅಂತ ನಮ್ಮಲ್ಲಿ ಜಗಳವೇ ಆಗುತ್ತದೆ. "ಅಷ್ಟು ಖರ್ಚು ಮಾಡಿ 60 ವರ್ಷ ಹಿಂದಿನ ತಪ್ಪುಗಳನ್ನೂ ಯಾಕೆ ನಕಲು ಮಾಡಬೇಕು? ಅಡಿಭಾಗದಲ್ಲಿ ಎಕ್ಸಾಸ್ಟ್ ಪೈಪು ಬೇರೆ ಭಾಗವೇ ಅಲ್ಲ, ಚಾಸಿಗೇ ಅಂಟಿಕೊಂಡಿದೆ" ಅಂತ ಕೆಲವರು ಕೇಳುತ್ತಾರೆ. ಆ ಪ್ರಶ್ನೆಯಲ್ಲಿ ನ್ಯಾಯವಿದೆ. ಆದರೂ ನಾನು ಕಂಪನಿಯ ಪರ. ಕಾರಿನ ನೆನಪಿಗಾಗಿ ಕಿಟ್ ಕೊಳ್ಳುವವರು ಒಂದು ಬಗೆ, ಕಿಟ್‌ನ ನೆನಪಿಗಾಗಿಯೇ ಕೊಳ್ಳುವವರು ಇನ್ನೊಂದು ಬಗೆ. ಹುಡುಗರಾಗಿದ್ದಾಗ ಕಟ್ಟಿ, ಪಟಾಕಿ ಇಟ್ಟು ಹಾರಿಸಿ ಕಳೆದುಕೊಂಡ ಕಿಟ್ ಅವರಿಗೆ ಹಾಗೇ ಬೇಕು, ತಿದ್ದಿದ್ದು ಬೇಡ. ಇನ್ನೊಂದು ಲೆಕ್ಕವೂ ಇದೆ. ಹಳೆಯ ಕಿಟ್ ನಕಲು ಮಾಡಿದರೆ ಹೊಸದಾಗಿ ಕಾರು ಅಳೆಯುವ, ಭಾಗ ಹಂಚುವ ತಲೆನೋವು ಕಡಿಮೆ. ಜೊತೆಗೆ ಬಾಡಿ ಮಾತ್ರ ಹೊಸದಾಗಿ ಮಾಡಿ, ಚಾಸಿ, ಎಂಜಿನ್‌ಗೆ ಕೈಲಿರುವ ಹಳೆಯ ಅಚ್ಚನ್ನೇ ಬಳಸಲು ಆಗುತ್ತದಾ ಅಂತಲೂ ಅವರು ನೋಡುತ್ತಾರೆ.

ಇದು ನಮ್ಮನ್ನು ಊಹೆಯ ಮುಖ್ಯ ಸೂತ್ರಕ್ಕೆ ತಂದು ನಿಲ್ಲಿಸುತ್ತದೆ: ಅಚ್ಚಿಗೂ ಒಂದು ಕುಟುಂಬ ಇರುತ್ತದೆ. ಮೋಬಿಯಸ್ ಕಂಪನಿಯನ್ನು ನೋಡಿ. 50ರ ದಶಕದ ಹಡ್ಸನ್ ಹಾರ್ನೆಟ್ ಕಿಟ್ ಬರುತ್ತದೆ ಅಂದಾಗ ಎಷ್ಟೋ ಜನ ನಂಬಲಿಲ್ಲ. ಹಡ್ಸನ್ ಕಂಪನಿಯೇ ಯಾವತ್ತೋ ಮುಚ್ಚಿಹೋಗಿತ್ತು. ಆದರೆ ಅವರು ಒಂದು ಹಡ್ಸನ್‌ಗಾಗಿ ಅಚ್ಚು ಮಾಡಲಿಲ್ಲ. 52, 53, 54 ಅಂತ ಬೇರೆ ಬೇರೆ ವರ್ಷದ ಹಡ್ಸನ್‌ಗಳನ್ನು ಅದೇ ಅಡಿಪಾಯದ ಮೇಲೆ ಸಾಲಾಗಿ ತಂದರು. ಆಮೇಲೆ ಫೋರ್ಡ್ ಎಫ್-100 ಪಿಕಪ್ ವಿಷಯದಲ್ಲೂ ಹಾಗೇ ಮಾಡಿದರು. 60ರ ದಶಕದ ಕೊನೆಯಿಂದ 70ರ ಶುರುವಿನವರೆಗಿನ ಟ್ರಕ್‌ಗಳು, ವರ್ಷಕ್ಕೊಂದು ಗ್ರಿಲ್, ಉದ್ದ ಗಿಡ್ಡ ಬೇರೆ. ಒಂದು ಚಾಸಿ ಹತ್ತಾರು ಪೆಟ್ಟಿಗೆಯ ಸಂಬಳ ದುಡಿಯಿತು. ಹಾಗಾಗಿ ಹೊಸ ಕಿಟ್ ಊಹಿಸುವಾಗ ಆ ಕಾರಿಗೆ ಅಣ್ಣತಮ್ಮಂದಿರು ಎಷ್ಟು ಅಂತ ಎಣಿಸಿ. ಕೂಪೆ, ಕನ್ವರ್ಟಿಬಲ್, ವ್ಯಾಗನ್, ಪೊಲೀಸ್ ಕಾರು, ರೇಸ್ ಕಾರು, ಇಷ್ಟೂ ಆಗುವ ಕಾರಿಗೆ ಅವಕಾಶ ಜಾಸ್ತಿ. ಒಂಟಿ ಕಾರಿಗೆ ಕಡಿಮೆ, ಅದು ಎಷ್ಟೇ ಚಂದ ಇರಲಿ.

ಈ ಕುಟುಂಬದ ಸುಳಿವು ಪೆಟ್ಟಿಗೆಯೊಳಗೇ ಸಿಗುತ್ತದೆ, ಬಹಳ ಜನ ನೋಡುವುದೇ ಇಲ್ಲ. ಹೊಸ ಅಚ್ಚಿನ ಕಿಟ್ ತಂದಾಗ ಕಡ್ಡಿಗಳ ಚೌಕಟ್ಟುಗಳನ್ನು ಹರಡಿ ನೋಡಿ. ಎ, ಬಿ, ಡಿ ಇದೆ, ಸಿ ಇಲ್ಲ. ಸಿ ಎಲ್ಲಿ ಹೋಯಿತು? ಅದು ಮುಂದಿನ ಕಿಟ್‌ಗೆ ಕಾದಿದೆ. ಜೋಡಿಸುವ ಹಾಳೆಯಲ್ಲಿ ಕೆಲವು ಭಾಗಗಳನ್ನು "ಬಳಸುವುದಿಲ್ಲ" ಅಂತ ಬಣ್ಣ ತುಂಬಿ ತೋರಿಸಿರುತ್ತಾರೆ. ಎರಡನೇ ಬಗೆಯ ಬಾನೆಟ್, ಬೇರೆ ಬಂಪರ್, ಇನ್ನೊಂದು ಬದಿಗೆ ಸ್ಟಿಯರಿಂಗ್ ಇರುವ ಡ್ಯಾಶ್‌ಬೋರ್ಡ್, ಇವೆಲ್ಲ ಸುಮ್ಮನೆ ಇರುವುದಿಲ್ಲ. ಚೌಕಟ್ಟಿನಲ್ಲಿ ಒಂದು ಕಡೆ ಕಡ್ಡಿ ಬಂದು ತಟ್ಟನೆ ನಿಂತಿದ್ದರೆ, ಅಲ್ಲಿ ಅಚ್ಚಿನ ಒಂದು ತುಂಡನ್ನು ತೆಗೆದು ಇನ್ನೊಂದು ಕೂರಿಸುವ ವ್ಯವಸ್ಥೆ ಇದೆ ಅಂತ ಅರ್ಥ. ಬಾಡಿಯ ಒಳಮೈಯಲ್ಲಿ ತೆಳುವಾದ ಗೆರೆಗಳು, ಕೊರೆಯದೆ ಬಿಟ್ಟ ರಂಧ್ರದ ಗುರುತುಗಳು ಇದ್ದರೂ ಹಾಗೇ. ನನ್ನ ಮಟ್ಟಿಗೆ ಯಾವ ಗಾಳಿಸುದ್ದಿಗಿಂತಲೂ ಇವು ಗಟ್ಟಿ ಸಾಕ್ಷಿ. ಕಂಪನಿ ಬಾಯಿ ಬಿಡದಿದ್ದರೂ ಉಕ್ಕಿಗೆ ಆಗಲೇ ದುಡ್ಡು ಸುರಿದಿದೆ.

ಜಪಾನಿನ ಹಳೆಯ ಅಚ್ಚುಗಳ ಬಗ್ಗೆ ಒಂದು ಮಾತು. 70ರ ದಶಕದಲ್ಲಿ ಅಲ್ಲಿನ 1/24 ಅಳತೆಯ (ಅಂದರೆ ನಿಜವಾದ ಕಾರಿನ 24ನೇ ಒಂದು ಭಾಗದಷ್ಟು ಉದ್ದದ) ಕಿಟ್‌ಗಳನ್ನು ಮೋಟಾರು ಹಾಕಿ ಓಡಿಸುವುದಕ್ಕಾಗಿಯೇ ಮಾಡುತ್ತಿದ್ದರು. ಬ್ಯಾಟರಿಗೆ ಜಾಗ ಬೇಕಲ್ಲ, ಹಾಗಾಗಿ ಒಳಗಿನ ಸೀಟುಗಳು ಆಳವಿಲ್ಲದೆ ಮೇಲೆ ಬಂದಿರುತ್ತವೆ, ಎಂಜಿನ್ ಇರುವುದಿಲ್ಲ, ಅಡಿಯಲ್ಲಿ ಸ್ವಿಚ್ಚಿನ ರಂಧ್ರ. ಮರುಬಿಡುಗಡೆಯ ಹೊಳೆಯುವ ಪೆಟ್ಟಿಗೆ ತೆರೆದವರು ಇದನ್ನು ನೋಡಿ ಬೇಜಾರಾಗುತ್ತಾರೆ. ಅಲ್ಲಿಯೂ ಅಚ್ಚುಗಳು ಕೈ ಬದಲಿಸಿವೆ: ಒತಾಕಿಯವು ಅರೀ ಕಂಪನಿಗೆ ಹೋದವು, ಇಮಾಯಿ ಮುಚ್ಚಿದ ಮೇಲೆ ಅದರವು ಅಓಶಿಮಾಗೆ ಹೋದವು. ಅಂದರೆ ಪೆಟ್ಟಿಗೆಯ ಮೇಲಿನ ಹೆಸರು ನೋಡಿ ಕಿಟ್‌ನ ವಯಸ್ಸು ಹೇಳಲಾಗುವುದಿಲ್ಲ. ಅಲ್ಲಿನ ತಮಿಯಾ ಕಂಪನಿ ಮಾತ್ರ ಮರುಬಿಡುಗಡೆಯನ್ನು ಗೌರವದಿಂದ ಮಾಡುತ್ತದೆ. 1967ರಲ್ಲಿ ಅದು ತಂದ 1/12 ಅಳತೆಯ ಹೋಂಡಾ ಎಫ್1 (ಫಾರ್ಮುಲಾ ಒನ್) ರೇಸ್ ಕಾರು ಸೇರಿದಂತೆ ಆ ದೊಡ್ಡ ಕಿಟ್‌ಗಳನ್ನು, ತೆಳುವಾದ ಲೋಹದ ಭಾಗಗಳನ್ನು ಸೇರಿಸಿ, ಹೊಸ ಡಿಕಾಲ್ (ಬಾಡಿಯ ಮೇಲೆ ಅಂಟಿಸುವ ಅಕ್ಷರ, ಚಿತ್ರಗಳ ಹಾಳೆ) ಕೊಟ್ಟು ಮತ್ತೆ ತಂದಿತು. ಹಳೆಯ ಅಚ್ಚಿಗೆ ಹೊಸ ಜೀವ ಕೊಡುವುದು ಅಂದರೆ ಹೀಗೆ.

ಅಚ್ಚು ಇದೆ, ಸರಿಯಾಗಿದೆ, ಒಡೆಯನಿಗೆ ಮನಸ್ಸೂ ಇದೆ. ಆದರೂ ಕಿಟ್ ಬರುವುದಿಲ್ಲ. ಆಗ ಕಾರಣ ಹೆಚ್ಚಾಗಿ ಪರವಾನಗಿ.

ಹಿಂದೆ ಕಾರು ಕಂಪನಿಗಳಿಗೆ ಕಿಟ್ ಅಂದರೆ ಪುಕ್ಕಟೆ ಪ್ರಚಾರ. ಈಗ ತಮ್ಮ ಹೆಸರು, ಲಾಂಛನ, ಕಾರಿನ ಆಕಾರ ಎಲ್ಲಕ್ಕೂ ಅವು ಶುಲ್ಕ ಕೇಳುತ್ತವೆ, ಪೆಟ್ಟಿಗೆಯ ಚಿತ್ರವನ್ನೂ ನೋಡಿ ಒಪ್ಪಬೇಕು. ಟೈರಿನ ಮೇಲಿನ ಅಕ್ಷರಕ್ಕೆ ಟೈರು ಕಂಪನಿಯ ಒಪ್ಪಿಗೆ ಬೇರೆ. ಮರುಬಿಡುಗಡೆಯಲ್ಲಿ ಗುಡ್‌ಇಯರ್ ಹೆಸರು ಅಳಿಸಿದ ಬೋಳು ಟೈರು ನೋಡಿ ಬೈದುಕೊಂಡವರು ಇಲ್ಲಿ ಇದ್ದೀರಿ ಅಲ್ವಾ? ಕಾರಣ ಇದೇ. ರೇಸ್ ಕಾರುಗಳಲ್ಲಿ ಇನ್ನೂ ಕಷ್ಟ. 70, 80ರ ದಶಕದ ಎಫ್1 ಕಾರುಗಳ ಮೈತುಂಬ ಸಿಗರೇಟು ಜಾಹೀರಾತು. ಅವನ್ನು ಈಗ ಮಕ್ಕಳಿಗೂ ಮಾರುವ ಪೆಟ್ಟಿಗೆಯಲ್ಲಿ ಹಾಕುವ ಹಾಗಿಲ್ಲ. ಕಿಟ್ ಬರುತ್ತದೆ, ಡಿಕಾಲ್‌ನಲ್ಲಿ ಆ ಜಾಗ ಖಾಲಿ. ಬೇರೆ ಸಣ್ಣ ತಯಾರಕರ ಡಿಕಾಲ್ ಹುಡುಕಿ ತರಬೇಕು. ಸಿನಿಮಾ, ಟಿವಿಯಲ್ಲಿ ಬಂದ ಕಾರಾದರೆ ಸ್ಟುಡಿಯೋದ ಒಪ್ಪಿಗೆಯೂ ಬೇಕು. ಎಷ್ಟೋ ಸಲ ಅದೇ ಅಚ್ಚಿನ ಸಾದಾ ಕಾರು ಬರುತ್ತದೆ, ತೆರೆಯ ಮೇಲಿನ ರೂಪ ಬರುವುದಿಲ್ಲ. ಹಾಗಾಗಿ ಒಂದು ಕಂಪನಿಯ ಬಳಿ ಈಗಾಗಲೇ ಯಾವ ಕಾರು ತಯಾರಕರ ಪರವಾನಗಿ ಇದೆ ಅನ್ನುವುದನ್ನು ಅದರ ಈಗಿನ ಕಿಟ್‌ಗಳಿಂದ, ಅದೇ ಕಂಪನಿ ಮಾರುವ ಲೋಹದ ಆಟದ ಕಾರುಗಳಿಂದ ಗಮನಿಸಿಕೊಳ್ಳಿ.

ಇನ್ನು ಗಾಳಿಸುದ್ದಿಯ ಕಾಲ ಮತ್ತು ಜಾಗ. ವರ್ಷದ ಶುರುವಿನಲ್ಲಿ ಜರ್ಮನಿಯ ನ್ಯೂರೆಂಬರ್ಗ್ ಆಟಿಕೆ ಮೇಳ, ಮೇ ತಿಂಗಳಲ್ಲಿ ಜಪಾನಿನ ಶಿಜುವೋಕಾ ಹಾಬಿ ಶೋ, ಇವುಗಳ ಆಸುಪಾಸಿನಲ್ಲಿ ಬರುವ ಸುದ್ದಿಗೆ ಸ್ವಲ್ಪ ತೂಕ ಜಾಸ್ತಿ. ಅಂಗಡಿಯ ಪಟ್ಟಿಯಲ್ಲಿ ಕಂಪನಿಯ ಕಿಟ್ ಸಂಖ್ಯೆ ಸಮೇತ ಹೆಸರು ಬಂದಿದ್ದರೆ ನಂಬಬಹುದು. ಬರೀ ಹೆಸರು, ತಿಂಗಳು ಮಾತ್ರ ಇದ್ದರೆ ಕಾಯಿರಿ. ಘೋಷಣೆಯಾದ ಮೇಲೂ ಎಷ್ಟೋ ಕಿಟ್ ವರ್ಷಗಟ್ಟಲೆ ತಡವಾಗುತ್ತದೆ, ಕೆಲವು ಸದ್ದಿಲ್ಲದೆ ಪಟ್ಟಿಯಿಂದ ಮಾಯವಾಗುತ್ತವೆ. ಹೆಚ್ಚಾಗಿ ಕಂಪನಿ ಸುಳ್ಳು ಹೇಳಿರುವುದಿಲ್ಲ. ಉಗ್ರಾಣದಿಂದ ಅಚ್ಚು ತೆಗೆದು ಪರೀಕ್ಷೆಗೆ ಒಂದೆರಡು ಬಾಡಿ ಹೊಡೆದು ನೋಡಿದಾಗಲೇ ಯಾವ ತುಂಡು ಕಾಣೆಯಾಗಿದೆ, ಯಾವುದು ಬಿರುಕು ಬಿಟ್ಟಿದೆ ಅಂತ ಗೊತ್ತಾಗುವುದು.

ಈಗ ಹಣದ ವಿಷಯಕ್ಕೆ ಬರುತ್ತೇನೆ. ಇದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯವಿದೆ.

ಊಹೆಯ ಇನ್ನೊಂದು ಮುಖ ಕೂಡಿಡುವುದು. "ಇದು ಮತ್ತೆ ಬರಲ್ಲ" ಅಂತ ಹತ್ತು ಪೆಟ್ಟಿಗೆ ಕೊಂಡು ಅಟ್ಟದ ಮೇಲೆ ಇಟ್ಟು, ಬೆಲೆ ಏರಲಿ ಅಂತ ಕಾಯುವವರಿದ್ದಾರೆ. 60ರ ದಶಕದಲ್ಲಿ 1 ಡಾಲರ್ 49 ಸೆಂಟ್‌ಗೆ ಸಿಗುತ್ತಿದ್ದ ಕಿಟ್‌ಗಳು ಸೀಲು ಒಡೆಯದೆ ಇದ್ದರೆ ನೂರಾರು ಡಾಲರ್‌ಗೆ ಹೋಗಿದ್ದೂ ಉಂಟು. ಮರುಬಿಡುಗಡೆ ಘೋಷಣೆಯಾದ ದಿನ ಆ ಬೆಲೆ ಕುಸಿಯುತ್ತದೆ. ಆಗ ಕೆಲವರು ಕಂಪನಿಗೆ ಬೈಯುತ್ತಾರೆ, ತಮ್ಮ ಆಸ್ತಿ ಹಾಳಾಯಿತು ಅಂತ. ನನಗೆ ಆ ಸಿಟ್ಟು ಅರ್ಥವಾಗುವುದಿಲ್ಲ. ಬೆಲೆ ಕುಸಿದ ದಿನ ಆ ಕಾರನ್ನು ಕಟ್ಟಲು ಬಯಸಿದ್ದ ಒಬ್ಬ ಹುಡುಗನಿಗೋ ಹುಡುಗಿಗೋ ಅದು ಎಟುಕುವ ಹಾಗಾಯಿತು. ಕಿಟ್ ಮಾಡಿದ್ದೇ ಕಟ್ಟುವುದಕ್ಕಲ್ಲವೇ?

ಇನ್ನೊಂದು ವಿಷಯ ಕೂಡಿಡುವವರು ಮರೆಯುತ್ತಾರೆ. ಹಳೆಯ ಕಿಟ್ ಪೆಟ್ಟಿಗೆಯೊಳಗೂ ಹಾಳಾಗುತ್ತದೆ. ವಿನೈಲ್ ಟೈರನ್ನು ಮೆತ್ತಗೆ ಮಾಡಲು ಬೆರೆಸಿದ ಪದಾರ್ಥ ನಿಧಾನವಾಗಿ ಹೊರಗೆ ಬಂದು ಪಕ್ಕದ ಪಾಲಿಸ್ಟೈರೀನ್ ಅನ್ನು ಕರಗಿಸುತ್ತದೆ. ಮೂವತ್ತು ವರ್ಷ ಸೀಲು ಒಡೆಯದ ಪೆಟ್ಟಿಗೆಯೊಳಗೆ ಗಾಜಿನ ಭಾಗದ ಮೇಲೆ ಟೈರಿನ ಗುರುತು ಸುಟ್ಟ ಗಾಯದ ಹಾಗೆ ಕೂತಿರುತ್ತದೆ. ಡಿಕಾಲ್ ಹಳದಿಯಾಗಿ ಬಿರುಕು ಬಿಡುತ್ತದೆ. 50ರ ದಶಕದ ಅಸಿಟೇಟ್ ಮಾದರಿಗಳು ತಾವಾಗಿಯೇ ಬಾಗಿಹೋಗುತ್ತವೆ. ಹೊಸ ಮರುಬಿಡುಗಡೆಯಲ್ಲಿ ಟೈರನ್ನು ಬೇರೆ ಚೀಲದಲ್ಲಿ ಹಾಕುತ್ತಾರೆ, ಡಿಕಾಲ್ ಹೊಸದು. ಕಟ್ಟುವವರಿಗೆ ಅದೇ ಮೇಲು.

ಆದರೆ ಮರುಬಿಡುಗಡೆಯಿಂದ ನಿಜವಾಗಿ ಪೆಟ್ಟು ತಿನ್ನುವವರು ಬೇರೆ ಇದ್ದಾರೆ, ಅವರ ಬಗ್ಗೆ ನನಗೆ ಕಾಳಜಿಯಿದೆ. ಯಾರೂ ಮಾಡದ ಬಾಡಿಗಳನ್ನು ರೆಸಿನ್‌ನಲ್ಲಿ ಕೈಯಾರೆ ಎರೆದು ಮಾರುವ ಒಬ್ಬಿಬ್ಬರ ಸಣ್ಣ ಉದ್ಯಮಗಳು ಅವು. ತಿಂಗಳುಗಟ್ಟಲೆ ಕೂತು ಒಂದು ವ್ಯಾಗನ್‌ನ ಮೂಲ ಮಾದರಿ ತಿದ್ದಿರುತ್ತಾರೆ. ದೊಡ್ಡ ಕಂಪನಿ ಅದೇ ಕಾರನ್ನು ಪಾಲಿಸ್ಟೈರೀನ್‌ನಲ್ಲಿ ತಂದರೆ ಅವರ ಮಾರಾಟ ಅವತ್ತೇ ನಿಲ್ಲುತ್ತದೆ. ಈಗ ತ್ರೀಡಿ ಪ್ರಿಂಟಿಂಗ್ ಬಂದು ಅವರಲ್ಲಿ ಕೆಲವರು ಬೇಗ ಬೇಗ ಹೊಸದು ಮಾಡುತ್ತಿದ್ದಾರೆ, ಗ್ರಿಲ್, ಚಕ್ರ, ಎಂಜಿನ್ ಮಾತ್ರ ಮಾರುತ್ತಿದ್ದಾರೆ. ಮರುಬಿಡುಗಡೆ ಕಿಟ್ ತಂದವರು ಆ ಸಣ್ಣ ಭಾಗಗಳನ್ನು ಅವರಿಂದ ಕೊಂಡರೆ ಇಬ್ಬರೂ ಉಳಿಯುತ್ತಾರೆ.

ಮಾತು ಮುಗಿದ ಮೇಲೆ ಸಭೆಯಲ್ಲಿ ಒಬ್ಬರು ಕೇಳಿದರು: "ಇಷ್ಟೆಲ್ಲ ಹೇಳಿದಿರಿ, ನಿಮ್ಮ ಊಹೆ ಏನು ಅಂತ ಹೇಳಲೇ ಇಲ್ಲವಲ್ಲ ಸರ್?" ಆಗ ಕೊಟ್ಟ ಉತ್ತರವನ್ನೂ ಇಲ್ಲಿ ಸೇರಿಸುತ್ತೇನೆ.

ಎಎಂಟಿ, ಎಂಪಿಸಿ ಹೆಸರಿನಲ್ಲಿ ಅಳಿದುಹೋದ 60ರ ದಶಕದ ಬಾಡಿಗಳು ಇನ್ನೂ ಬರುತ್ತವೆ. ಚಾಸಿಯ ಅಚ್ಚು ಉಳಿದು ಬಾಡಿ ಮಾತ್ರ ಕಳೆದುಹೋದ ಕಾರುಗಳು ಮೊದಲು ಬರುತ್ತವೆ. ಕನ್ವರ್ಟಿಬಲ್, ವ್ಯಾಗನ್‌ಗಳನ್ನು ನಾನು ಪಟ್ಟಿಯ ಮೇಲೆ ಇಡುತ್ತೇನೆ. ಯುರೋಪಿನಲ್ಲಿ ನೆಲೆಯಿರುವ ರೆವೆಲ್ ಪೂರ್ತಿ ಹೊಸ ಅಚ್ಚು ಮಾಡಿದರೆ, ಅಟ್ಲಾಂಟಿಕ್‌ನ ಎರಡೂ ಕಡೆ ಜನ ಗುರುತಿಸುವ ಕಾರನ್ನೇ ಆರಿಸುತ್ತದೆ. ಅಮೆರಿಕದಲ್ಲಿ ಮಾತ್ರ ಗೊತ್ತಿರುವ ನಾಲ್ಕು ಬಾಗಿಲಿನ ಕಾರಿಗೆ ಅಲ್ಲಿ ಆಸೆ ಇಟ್ಟುಕೊಳ್ಳಬೇಡಿ.

ನನ್ನ ಮನಸ್ಸಿಗೆ ಬೇಕಾದ ಕಿಟ್ ಮಾತ್ರ ಇದ್ಯಾವ ಸೂತ್ರಕ್ಕೂ ಸಿಗುವುದಿಲ್ಲ. 1963ರಲ್ಲಿ ಬಂದ ಕ್ರೈಸ್ಲರ್ ಟರ್ಬೈನ್ ಕಾರಿನ ಜೊ-ಹಾನ್ ಕಿಟ್ ಅದು. ಆ ಕಾರಿಗೆ ವಿಮಾನದ ಹಾಗೆ ಟರ್ಬೈನ್ ಎಂಜಿನ್. ಇಟಲಿಯ ಘಿಯಾ ಕಂಪನಿ ಬಾಡಿ ಕಟ್ಟಿತ್ತು. ಒಟ್ಟು 55 ಕಾರುಗಳಾದವು, 46ನ್ನು ಕಂಪನಿಯೇ ನಾಶ ಮಾಡಿತು, 9 ಮಾತ್ರ ಉಳಿದಿವೆ. ಕುಟುಂಬ ಅಂತ ನೋಡಿದರೆ ಇದು ಒಂಟಿ ಕಾರು. ಕನ್ವರ್ಟಿಬಲ್ ಇಲ್ಲ, ವ್ಯಾಗನ್ ಇಲ್ಲ, ಆ ಎಂಜಿನ್ ಬೇರೆ ಯಾವ ಕಿಟ್‌ಗೂ ಬರುವುದಿಲ್ಲ. ಹಳೆಯ ಅಚ್ಚಿನಿಂದ ಅದು ಬರುತ್ತದೆ ಅಂತ ನಾನು ನಂಬುವುದಿಲ್ಲ. ಬಂದರೆ ನೋವಾ ವ್ಯಾಗನ್ ಬಂದ ದಾರಿಯಲ್ಲೇ ಬರಬೇಕು: ಯಾರೋ ಕಾಪಾಡಿಟ್ಟ, ಜೋಡಿಸದ ಒಂದು ಕಿಟ್‌ನಿಂದ. ಅಂಥವು ಇನ್ನೂ ಮಾರಾಟಕ್ಕೆ ಬರುತ್ತಿವೆ, ಕ್ರೈಸ್ಲರ್ ಗುಂಪಿನ ಕಾರುಗಳ ಪರವಾನಗಿ ಪಡೆದು ಕಿಟ್ ಮಾಡುವವರೂ ಇದ್ದಾರೆ. ಆಗುತ್ತದೆ ಅಂತ ಬರೆದುಕೊಡಲಾರೆ. ಆಗಲಿ ಅಂತ ಮಾತ್ರ ತುಂಬಾ ಆಸೆಯಿದೆ.